ನಿಂತ ಕಾರಿನ ಚಾರ್ಜು

ಔಷಧಿ ಅಂಗಡಿಯ ಸಾಲಿನಲ್ಲಿ ನಿಂತು ಬೇಸರವಾಗಿ ಫೋನ್ ತೆಗೆದ ಮಗನ ಎದೆ ಧಸಕ್ಕೆಂದಿತು. ಪರದೆಯ ಮೇಲೆ ಅವನ ಎಲೆಕ್ಟ್ರಿಕ್ ಕಾರೇ ಕಳಿಸಿದ ಸಂದೇಶವಿತ್ತು: 'ಬ್ಯಾಟರಿ ಕಡಿಮೆ. ಎ.ಸಿ. ನಿಲ್ಲಿಸಲಾಗಿದೆ.' ಅದು ಬಂದು ಅರ್ಧ ಗಂಟೆಯ ಮೇಲಾಗಿತ್ತು. ಕಾರಿನೊಳಗೆ ಅಪ್ಪ ಇದ್ದರು.

ಬೆಳಿಗ್ಗೆಯಷ್ಟೇ ಅವರ ಒಂದು ಕಣ್ಣಿನ ಆಪರೇಷನ್ ಆಗಿತ್ತು. "ಸಾಲಲ್ಲಿ ನಿಂತು ನೀನ್ಯಾಕೆ ಒದ್ದಾಡ್ತೀಯ, ತಣ್ಣಗೆ ಕೂತಿರು" ಎಂದು ಆಸ್ಪತ್ರೆಯ ತಾರಸಿಯ ಪಾರ್ಕಿಂಗಿನಲ್ಲಿ ಎ.ಸಿ. ಹಾಕಿ, ಕಾರು ಲಾಕ್ ಮಾಡಿ ಬಂದಿದ್ದ. ಚಾರ್ಜು ಕಡಿಮೆಯೇ ಇತ್ತು. ನಿಂತ ಕಾರು ಎಷ್ಟು ಮಹಾ ತಿಂದೀತು ಎಂದುಕೊಂಡಿದ್ದ, ಪುಣ್ಯಾತ್ಮ! ಮೇಲೆ ಸುಡುವ ಬಿಸಿಲು, ಒಳಗೆ ಬಿಡುವಿಲ್ಲದ ಎ.ಸಿ. ಸಾಲದ್ದಕ್ಕೆ, ಯಾರೂ ಕಾರಿಗೆ ಗೀರು ಹಾಕದಿರಲಿ ಎಂದು ಅವನೇ ಹಚ್ಚಿಟ್ಟ ಕಾವಲು ಕ್ಯಾಮೆರಾಗಳು. ಎಲ್ಲ ಸೇರಿ ನಿಂತಲ್ಲೇ ಬ್ಯಾಟರಿಯನ್ನು ನುಂಗಿದ್ದವು.

ಔಷಧಿ ಚೀಟಿ ಅಲ್ಲೇ ಬಿಟ್ಟು, ಲಿಫ್ಟಿಗೂ ಕಾಯದೆ ಬಿದ್ದಂಬೀಳ ಮೆಟ್ಟಿಲು ಹತ್ತಿದ. ಪಾರ್ಕಿಂಗಿನ ಕಾವಲುಗಾರ ಎದುರಾದ.

"ಆ ಬಿಳಿ ಕಾರು ನಿಮ್ದಾ ಸಾರ್? ಒಳಗೆ ಯಜಮಾನ್ರು ಬೆವರ್ತಾ ಇದ್ರು. ಗಾಜು ತಟ್ಟಿದೆ. ಏನಿಲ್ಲ ಹೋಗು ಅಂತ ಕೈ ಆಡಿಸಿದ್ರು."

ಬಾಗಿಲು ತೆರೆದಾಗ ಒಲೆಯ ಮುಂದೆ ನಿಂತಂತೆ ಝಳ ಮುಖಕ್ಕೆ ಹೊಡೆಯಿತು. ಅಪ್ಪನ ಅಂಗಿ ಒದ್ದೆಮುದ್ದೆಯಾಗಿತ್ತು, ಕಣ್ಣಿನ ಪಟ್ಟಿಯೂ ತೊಯ್ದಿತ್ತು. ಎರಡೂ ಕೈಗಳನ್ನು ತೊಡೆಯ ಮೇಲೆ ಮಡಿಚಿಟ್ಟು, ಮೇಷ್ಟರೆದುರು ಕೂತ ಮಗುವಿನಂತೆ ಕೂತಿದ್ದರು. ಬ್ರೇಕ್ ಹೋದ ಲಾರಿಯನ್ನು ಘಾಟಿಯಲ್ಲಿ ನಿಲ್ಲಿಸಿ ನಾಲ್ಕು ಜನರ ಜೀವ ಉಳಿಸಿದ್ದ ಮನುಷ್ಯನಿಗೆ ಒಂದು ಕಾರಿನ ಬಾಗಿಲು ತೆಗೆಯಲು ಬರಲಿಲ್ಲವೇ?

"ಅಪ್ಪಾ! ಒಳಗಿಂದ ಹಿಡಿ ಎಳೆದಿದ್ರೆ ಸಾಕಿತ್ತಲ್ಲಪ್ಪಾ, ತೆಗೀತಿತ್ತು! ಗೊತ್ತಾಗಲಿಲ್ವಾ?" ಅವನ ದನಿ ಅಳುವಿಗೆ ತಿರುಗಿತ್ತು.

ಅಪ್ಪ ಒಣಗಿದ ತುಟಿ ಸವರಿಕೊಂಡರು. "ಗೊತ್ತಿತ್ತು ಮಗಾ. ಮೊನ್ನೆ ಎ.ಸಿ. ಹಾಕಿದ್ದಾಗ ನಾನು ಸುಮ್ನೆ ಬಾಗಿಲು ತೆಗ್ದಿದ್ದಕ್ಕೆ, ಚಾರ್ಜೆಲ್ಲ ಹಾಳಾಗುತ್ತೆ ಅಂತ ರೇಗಿದ್ಯಲ್ಲ. ಇದ್ದದ್ದೇ ಇಷ್ಟು, ಮನೆ ತಲುಪೋದು ಬೇಡ್ವಾ ಅಂತ ಅಲ್ಲಾಡದೆ ಕೂತೆ."

ಮಗ ಬಾಗಿಲನ್ನು ಪೂರ್ತಿ ತೆರೆದು ಕೈ ಚಾಚಿದ. ಅಪ್ಪ ಒಂದು ಕಾಲನ್ನು ಹೊರಗಿಡಲು ಎತ್ತಿದವರು ಹಾಗೇ ತಡೆದು, ಅವನ ಮುಖ ನೋಡಿದರು.

"ಈಗ ಇಳೀಬಹುದಾ?"