ಬಲಗಡೆ ಖಾಲಿ

"ಮನೇಲಿ ಇಂಟರ್ನೆಟ್ ಬಳಸೋರು ಯಾರಾದ್ರೂ ಇದ್ದಾರಾ ಅಮ್ಮಾ?"

ಸಮೀಕ್ಷೆಗೆ ಬಂದ ಹುಡುಗಿ ಹೊಸ್ತಿಲಲ್ಲಿ ನಿಂತೇ ಕೇಳಿದಳು. ಒಳಗೆ ದರ್ಜಿ ಹೆಂಗಸು ಯಾರದೋ ಕೋಟಿಗೆ ಗುಂಡಿ ಹೊಲಿಯುತ್ತಿದ್ದಳು. ಹಲ್ಲಿನಲ್ಲಿ ದಾರ ಕಡಿದು, "ಅಯ್ಯೋ, ಅದೆಲ್ಲ ಓದು ಬರಹ ಬರೋರಿಗೆ ಕಣಮ್ಮಾ. ನನಗೆ ಸೂಜಿಗೆ ದಾರ ಪೋಣಿಸೋದೇ ಈಗ ದೊಡ್ಡ ಕೆಲಸ. ಇಲ್ಲ ಅಂತ ಬರ್ಕೋ," ಎಂದಳು. ಅಷ್ಟರಲ್ಲಿ ಹೊಲಿಗೆ ಯಂತ್ರದ ಮೇಲಿದ್ದ ಫೋನು ಟಿಂಗ್ ಎಂದಿತು.

ಹೆಂಗಸಿನ ಮುಖ ಅರಳಿತು. "ನನ್ನ ಮಗಳು! ದಿನಾ ಮಾತಾಡಿಸ್ತಾಳೆ. ಒಂದು ನಿಮಿಷ ಕೂತ್ಕೋ." ಪಕ್ಕದ ಮನೆಯಾಕೆ ಹೇಳಿಕೊಟ್ಟಿದ್ದಂತೆ ತೆರೆಯ ಮೇಲಿನ ಪುಟ್ಟ ಬಾಣವನ್ನು ಒತ್ತಿದಳು.

"ಅಮ್ಮಾ, ನಾನೇ. ಮಂಡಿನೋವು ಹೇಗಿದೆ?"

"ಇದೆ ಕಣೇ, ಅದೆಲ್ಲಿಗೆ ಹೋಗುತ್ತೆ!"

"ಇನ್ನೂ ಕೋಪಾನಾ ನನ್ನ ಮೇಲೆ?"

"ಯಾವತ್ತೋ ಇಳೀತು ಅಂತ ಎಷ್ಟು ಸಲ ಹೇಳ್ಲಿ? ನಿನ್ನ ಗಂಡನ್ನೂ ಕರ್ಕೊಂಡು ಒಂದ್ಸಲ..."

"ಸರಿ ಅಮ್ಮಾ, ನಾಳೆ ಮಾತಾಡ್ತೀನಿ." ದನಿ ನಿಂತಿತು.

"ನೋಡಿದ್ಯಾ?" ಹೆಂಗಸು ಹುಡುಗಿಯ ಮುಂದೆ ದೂರಿದಳು. "ಇಷ್ಟಪಟ್ಟವನ ಜೊತೆ ಹೊರಟು ನಿಂತಾಗ, ಇನ್ನು ನಿನ್ನ ಹತ್ರ ಮಾತಿಲ್ಲ ಅಂದುಬಿಟ್ಟಿದ್ದೆ. ಆ ಸಿಟ್ಟು ಇನ್ನೂ ಇದೆ ಮಹಾರಾಣಿಗೆ. ಬಾ ಅನ್ನೋದರೊಳಗೆ ಫೋನ್ ಇಟ್ಟುಬಿಡ್ತಾಳೆ."

"ಅಮ್ಮಾ, ಒಂಚೂರು ಫೋನ್ ಕೊಡ್ತೀರಾ?" ಹುಡುಗಿ ತೆರೆಯನ್ನು ಮೇಲಕ್ಕೆ ಸರಿಸುತ್ತ ಹೋದಳು. ಎಡಗಡೆ ಮಗಳ ದನಿಯ ಸಂದೇಶಗಳು, ಒಂದರ ಕೆಳಗೊಂದು, ವರ್ಷದುದ್ದಕ್ಕೂ. ಉತ್ತರಗಳಿರಬೇಕಾದ ಬಲಗಡೆ ಖಾಲಿ. ಸಮೀಕ್ಷೆಯಲ್ಲಿ 'ಹೌದು', 'ಇಲ್ಲ' ಎರಡೇ ಇದ್ದವು. ಇದಕ್ಕೆ ಯಾವುದನ್ನು ಬರೆಯಬೇಕೋ ಅವಳಿಗೆ ತಿಳಿಯಲಿಲ್ಲ. ಏನೂ ಹೇಳದೆ ಎದ್ದು ಹೋಗಿಬಿಡೋಣ ಅನ್ನಿಸಿತು. ಮನಸ್ಸು ಬರಲಿಲ್ಲ.

"ಅಮ್ಮಾ, ಇದು ಫೋನಲ್ಲಿ ಮಾತಾಡಿದ ಹಾಗಲ್ಲ. ನಿಮ್ಮ ಮಗಳು ಮೊದಲೇ ಮಾತಾಡಿ ಕಳಿಸಿರ್ತಾರೆ. ನೀವು ಈ ಮೈಕಿನ ಗುರುತು ಒತ್ತಿ ಹಿಡ್ಕೊಂಡು ಮಾತಾಡಿದ್ರೆ ಮಾತ್ರ ಅಲ್ಲಿಗೆ ಹೋಗುತ್ತೆ."

"ಹಾಗಾದ್ರೆ ಇಷ್ಟು ದಿನ ನಾನು ಹೇಳಿದ್ದು?"

"ಅವರಿಗೆ ಕೇಳಿಸೇ ಇಲ್ಲ ಅಮ್ಮಾ."

ಹೆಂಗಸು ಕೋಟನ್ನು ಪಕ್ಕಕ್ಕಿಟ್ಟಳು. ಅವಳ ಕಣ್ಣು ತುಂಬಿ ಬಂತು.

"ಅಮ್ಮ ತನ್ನ ಹತ್ರ ಮಾತೇ ಆಡಲ್ಲ ಅಂತ ತಿಳ್ಕೊಂಡೂ ಅವಳು ದಿನಾ ನನ್ನ ಮಂಡಿ ವಿಚಾರ ಕೇಳಿದ್ಲಾ?" ಎಂದಳು. ಕೈಯಲ್ಲೇ ಮೂಗು ಒರೆಸಿಕೊಂಡು ಹುಡುಗಿಯ ಕೈಲಿದ್ದ ಫೋನಿನತ್ತ ಬೆರಳು ಚಾಚಿದಳು. "ಮೊದಲ್ನೇದರಿಂದ ಹಾಕು. ಒಂದೊಂದಕ್ಕೂ ಉತ್ತರ ಹೇಳ್ಬೇಕು."

ಹುಡುಗಿ ಕಳೆದ ವರ್ಷದ ಮೊದಲ ಸಂದೇಶ ಹಾಕಿದಳು. ರೈಲು ನಿಲ್ದಾಣದ ಗದ್ದಲದ ನಡುವೆ ಮಗಳ ದನಿ: "ಅಮ್ಮಾ, ಈಗಷ್ಟೇ ಬಂದು ಇಳಿದ್ವಿ. ಇಲ್ಲಿ ತುಂಬಾ ಚಳಿ."

ತಾಯಿ ಹೆಬ್ಬೆರಳನ್ನು ಗುರುತಿನ ಮೇಲೆ ಒತ್ತಿ ಹಿಡಿದಳು.

"ಸದ್ಯ, ತಲುಪಿದ್ಯಲ್ಲ," ಎಂದಳು. "ಕಿವಿಗೆ ಬಟ್ಟೆ ಕಟ್ಕೋ ಮಗಳೇ."