ಮೂರನೆಯ ತಿರುವಿನ ಬೇಲಿಯಾಚೆ ನಿಂತವಳು

ಇವತ್ತೂ ಅವಳು ಬಂದಿದ್ದಳು.

ಮೂರನೆಯ ತಿರುವಿನ ಬಿಳಿ ಬೇಲಿಯಾಚೆ, ಅದೇ ಬೂದು ಸ್ವೆಟರಿನಲ್ಲಿ. ನಾಗಾಲೋಟದಲ್ಲಿದ್ದ ಕುದುರೆಯ ಮೇಲಿಂದ ಜಾಕಿ ಅವಳತ್ತ ನೋಡಿದ. ಅವಳು ತಲೆ ತಗ್ಗಿಸಿದಳು. ಹದಿನಾಲ್ಕು ವರ್ಷದಿಂದ ಹೀಗೇ. ಬೇರೆ ಯಾರು ಓಡಿಸಿಕೊಂಡು ಹೋದರೂ ಕಣ್ಣು ತುಂಬ ನೋಡುತ್ತಾಳೆ. ಅವನು ಬಂದಾಗ ಮಾತ್ರ ನೆಲ ನೋಡುತ್ತಾಳೆ. ಇವನ ಮುಖ ನೋಡುವುದೂ ಬೇಡ ಎಂಬಂತೆ.

ಅದು ಅವನ ಕೊನೆಯ ಬೆಳಗಿನ ತಾಲೀಮು. ಹನ್ನೊಂದು ಗಂಟೆಗೆ ಬೀಳ್ಕೊಡುಗೆ. ಸಾವಿರದ ಇನ್ನೂರು ಗೆಲುವುಗಳ ಸರದಾರ ಸವಾರಿ ಮುಗಿಸುವುದನ್ನು ನೋಡಲು ಲಾಯದವರೆಲ್ಲ ಬೇಲಿಗೆ ಜೋತುಬಿದ್ದಿದ್ದರು. ಅವನು ಜೀನಿನಿಂದ ಇಳಿದ ಕೂಡಲೇ ಚಪ್ಪಾಳೆ ಬಿತ್ತು.

"ನಾಳೆಯಿಂದ ಹೊಟ್ಟೆ ತುಂಬ ಉಣ್ಣಯ್ಯಾ," ಎಂದ ಲಾಳ ಹೊಡೆಯುವವ. "ಇಷ್ಟು ವರ್ಷ ತಕ್ಕಡಿಗೆ ಹೆದರಿದಷ್ಟು ನೀನು ಹೆಂಡತಿಗೂ ಹೆದರಿಲ್ಲ!"

ಎಲ್ಲರೂ ನಕ್ಕರು. ಜಾಕಿಯೂ ನಕ್ಕ. ಆಗಲೇ ಕ್ಲಬ್ಬಿನ ಕಾರ್ಯದರ್ಶಿ ಬಂದು ಅವನ ಹೆಗಲ ಮೇಲೆ ಕೈ ಹಾಕಿದರು.

"ನಿಮಗೆ ಫಲಕ ಕೊಡೋರು ಯಾರು ಗೊತ್ತೇನ್ರಿ? ದಿನಾ ತಿರುವಿನ ಹತ್ರ ನಿಲ್ತಾರಲ್ಲ, ಆ ಅಮ್ಮ. ಅವರೇ ಬಂದು ಕೇಳಿದ್ರು. ಮೈಕಲ್ಲಿ ಎರಡು ಮಾತಾಡ್ಬೇಕಂತೆ."

ಜಾಕಿ ತಿರುವಿನ ಕಡೆ ತಿರುಗಿ ನೋಡಿದ. ಕಾರ್ಯದರ್ಶಿ ಈಚೆಗೆ ಬಂದವರು, ಅವರಿಗೆ ಹಳೆಯದೇನೂ ಗೊತ್ತಿಲ್ಲ.

ಅವಳ ಮಗನೂ ಜಾಕಿಯೇ ಆಗಿದ್ದ. ಇಬ್ಬರದೂ ಒಂದೇ ಲಾಯ, ಒಂದೇ ಕೋಣೆ, ಒಂದೇ ಬೂಟ್ ಪಾಲಿಶ್ ಡಬ್ಬಿ. ತೂಕ ಇಳಿಸಲು ಇಬ್ಬರೂ ಉಪವಾಸ ಬಿದ್ದಾಗ ಅವಳು ಗದರಿಸಿ ಹಾಲು ಕುಡಿಸುತ್ತಿದ್ದಳು. ಮಗನಿಗೆ ಒಂದು ಲೋಟ, ಇವನಿಗೆ ಒಂದು ಲೋಟ.

ಹದಿನಾಲ್ಕು ವರ್ಷದ ಹಿಂದಿನ ಆ ವಾರದ ದೊಡ್ಡ ರೇಸಿಗೆ ಲಾಯದಲ್ಲಿದ್ದ ಒಳ್ಳೆಯ ಕುದುರೆ ಒಂದೇ. ಬೆಳಗಿನ ಜೋಡಿ ಓಟದಲ್ಲಿ ಮುಂದೆ ಬಂದವನಿಗೆ ಆ ಕುದುರೆ ಎಂದು ತರಬೇತುದಾರ ಸ್ಟಾಪ್‌ವಾಚ್ ಹಿಡಿದು ಕಾಯುತ್ತಿದ್ದ. ದಟ್ಟ ಮಂಜು. ಮೂರನೆಯ ತಿರುವಿನಲ್ಲಿ ಬೇಲಿಯ ಪಕ್ಕದಿಂದ ಗೆಳೆಯ "ಒಳಗಿದ್ದೀನಿ!" ಎಂದು ಕೂಗಿದ. ಒಳಗಿನವನು ಕೂಗಿದರೆ ಹೊರಗಿನವನು ಅವನ ದಾರಿಗೆ ಬರಕೂಡದು. ಸವಾರರು ಮೊದಲ ದಿನವೇ ಕಲಿಯುವ ಪಾಠ ಅದು.

ಜಾಕಿಗೆ ಕೂಗು ಸ್ಪಷ್ಟವಾಗಿ ಕೇಳಿಸಿತ್ತು. ಆದರೂ ಲಗಾಮನ್ನು ಒಳಕ್ಕೆ ಎಳೆದ.

ಗೆಳೆಯನ ಕುದುರೆ ಬೇಲಿಗೆ ಬಡಿದು ಸವಾರನ ಮೇಲೆಯೇ ಉರುಳಿತು. ಮಧ್ಯಾಹ್ನದ ಹೊತ್ತಿಗೆ ಗೆಳೆಯ ಹೋಗಿಬಿಟ್ಟಿದ್ದ. ಬೆಳಗಿನ ತಾಲೀಮಿಗೆ ಕ್ಯಾಮೆರಾ ಇರುವುದಿಲ್ಲ. ತಿರುವಿನಲ್ಲಿ ಇದ್ದವಳು ಒಬ್ಬಳೇ, ಮಗನ ಓಟ ನೋಡಲು ಬಂದಿದ್ದ ತಾಯಿ. ವಿಚಾರಣೆ ಅರ್ಧ ಗಂಟೆಯಲ್ಲಿ ಮುಗಿಯಿತು. ಅವಳನ್ನು ಯಾರೂ ಕರೆಯಲಿಲ್ಲ. ಜಾಕಿಗೆ ಒಂದು ಪ್ರಶ್ನೆ ಕೇಳಿದರು, ಅವನು ಒಂದು ಮಾತು ಹೇಳಿದ. ಇವನದು ತಪ್ಪಿಲ್ಲವೆಂದು ಬರೆದು ಕಡತ ಕಟ್ಟಿದರು. ಭಾನುವಾರ ಲಾಯದ ಆ ಒಳ್ಳೆಯ ಕುದುರೆಯ ಮೇಲೆ ಅವನು ಮೊದಲ ದೊಡ್ಡ ರೇಸ್ ಗೆದ್ದ. ಅಲ್ಲಿಂದ ಹಿಂತಿರುಗಿ ನೋಡಲಿಲ್ಲ, ಅವಳ ಮನೆಯ ಕಡೆಗಂತೂ ತಲೆ ಹಾಕಿಯೂ ಮಲಗಲಿಲ್ಲ.

ಸಭಾಂಗಣದ ಬಾಗಿಲಲ್ಲೇ ಅವಳು ಎದುರಾದಳು. ಕೂದಲು ಪೂರ್ತಿ ನೆರೆತಿತ್ತು. ಅವನು ದಾರಿಗೆ ಅಡ್ಡ ನಿಂತ.

"ಅಮ್ಮಾ, ಏನಿದ್ರೂ ನನ್ನ ಹತ್ರ ಹೇಳಿ. ಒಳಗೆ ನನ್ನ ಹೆಂಡ್ತಿ, ಮಗಳು ಕೂತಿದ್ದಾರೆ."

"ಅವರೂ ಕೇಳ್ಲಿ ಅಂತಾನೇ ಬಂದೆ ಕಣಪ್ಪ." ಅವಳ ಕಣ್ಣು ಅವನ ಬೂಟಿನ ಮೇಲೇ ಇತ್ತು. "ಹದಿನಾಲ್ಕು ವರ್ಷ ಒಳಗೊಳಗೇ ಬೆಂದಿದ್ದು ಸಾಕು. ಇವತ್ತು ಬಿಟ್ರೆ ನೀನು ಮತ್ತೆಲ್ಲಿ ಸಿಗ್ತೀಯ?"

ಅಷ್ಟರಲ್ಲಿ ಒಳಗಿಂದ ಅವನನ್ನು ವೇದಿಕೆಗೆ ಕರೆದರು.

ವೇದಿಕೆಯ ಮೇಲೆ ಹೊಗಳಿಕೆಯ ಮಳೆಯೇ ಸುರಿಯಿತು. ಕುದುರೆಯ ಮನಸ್ಸು ಓದಬಲ್ಲ ಸವಾರ ಎಂದರು ಒಬ್ಬರು. ಜೀವಮಾನದಲ್ಲಿ ಒಂದು ಕಪ್ಪು ಚುಕ್ಕೆ ಇಲ್ಲ ಎಂದರು ಇನ್ನೊಬ್ಬರು. ಮುಂದಿನ ಸಾಲಿನಲ್ಲಿ ಮಗಳು ಪ್ರತಿ ಮಾತಿಗೂ ಕೈ ಕೆಂಪಾಗುವಂತೆ ಚಪ್ಪಾಳೆ ತಟ್ಟುತ್ತಿದ್ದಳು. ಇನ್ನು ಐದು ನಿಮಿಷಕ್ಕೆ ಈ ಹುಡುಗಿ ತನ್ನನ್ನು ಹೇಗೆ ನೋಡುತ್ತಾಳೋ ಎಂದುಕೊಂಡು ಅವನು ಕಣ್ಣು ಬೇರೆಡೆಗೆ ತಿರುಗಿಸಿದ.

ಆ ತಾಯಿ ನಿಧಾನವಾಗಿ ಮೆಟ್ಟಿಲು ಹತ್ತುವಷ್ಟರಲ್ಲಿ ಅವನೊಂದು ನಿರ್ಧಾರಕ್ಕೆ ಬಂದ. ಅವಳು ಹೇಳಲಿ. ನಾನು ಇಲ್ಲವೆನ್ನುವುದಿಲ್ಲ. ಮೊದಲ ಆಪಾದನೆಗೇ ಎದ್ದು ಹೌದು ಎಂದುಬಿಡುತ್ತೇನೆ. ಹಾಗೆಂದುಕೊಂಡದ್ದೇ ತಡ, ವರ್ಷಗಳಿಂದ ಬಿಗಿದಿದ್ದ ಎದೆ ಹಗುರವಾಯಿತು. ಕುರ್ಚಿಯ ತುದಿಗೆ ಸರಿದು ಕುಳಿತ.

ಅವಳು ಫಲಕವನ್ನು ಮೇಜಿನ ಮೇಲಿಟ್ಟು ಮೈಕು ಹಿಡಿದಳು.

"ಆವತ್ತು ಆ ತಿರುವಲ್ಲಿ ನಾನಿದ್ದೆ. ಹಾಳಾದ ಮಂಜು, ನಂಗೇನೂ ಕಾಣ್ಲಿಲ್ಲ. ಆಮೇಲೆ ಇವನು ವಿಚಾರಣೆಲಿ ಹೇಳಿದ್ದನ್ನ ಓದಿಸಿ ಕೇಳ್ದೆ."

ಜಾಕಿ ಎದ್ದು ನಿಂತ. ಅವಳು ಅವನ ಕಡೆ ತಿರುಗಿದಳು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ತಲೆ ಎತ್ತಿ ಅವನ ಮುಖ ನೋಡಿದಳು.

"ಇಷ್ಟು ವರ್ಷ ನಿನ್ನ ಮುಖ ನೋಡೋಕೆ ನಂಗೆ ಮುಖ ಇರ್ಲಿಲ್ಲ ಕಣಪ್ಪ. ಗೆಲ್ಲೋ ಆಸೆಗೆ ನಿನಗೇ ಅಡ್ಡ ಬಂದು ನಿನ್ನ ಜೀವಕ್ಕೂ ಕುತ್ತು ತಂದ ನನ್ನ ಮಗನ್ನ ಇವತ್ತು ಕ್ಷಮಿಸಿಬಿಡು."