ಎಲ್ಲರೂ ಹೂಂ ಅಂದ ಮೇಲೆ

ಹುಬ್ಬಳ್ಳಿಯ ಬಸ್ಸುಗಳಿಗೆ ಈಗ ಚಾಲಕರಿಲ್ಲ. ಹೋಗುವ ದಾರಿಗೆ ಒಳಗಿದ್ದವರೆಲ್ಲ ಹೂಂ ಅಂದರೆ ಬಸ್ಸು ಹೊರಡುತ್ತದೆ. ಒಬ್ಬರು ಸುಮ್ಮನಿದ್ದರೂ ನಿಂತಲ್ಲೇ ನಿಲ್ಲುತ್ತದೆ.

ಆವತ್ತು ಕಸ್ತೂರೆವ್ವನ ಹಿರಿಮಗಳಿಗೆ ನಿಲ್ದಾಣದಲ್ಲಿ ನಿಂತಿದ್ದ ಬಸ್ಸಿನಲ್ಲೇ ಹೆರಿಗೆ ನೋವು ಶುರುವಾಯಿತು. "ಮೊದಲ ದವಾಖಾನಿಗೆ ಹೋಗೂಣ್ರಿ" ಎಂದು ಕಸ್ತೂರೆವ್ವ ಕೈಮುಗಿದಳು. ಎಲ್ಲರೂ ಒಪ್ಪಿದಂತೆ ಕಂಡರೂ ಬಸ್ಸು ಅಲುಗಲಿಲ್ಲ.

"ಯಾರಪಾ ಅದು ಒಲ್ಲೆ ಅನ್ನಾಂವ?" ಎಂದು ಗಂಡಸರು ಕೂಗಾಡತೊಡಗಿದರು.

ಕಿರಿಮಗಳು ನೀಲಾಂಬಿಕಾ ಎದ್ದು ನಿಂತಳು. ನೆಂಟರು ಬಂದರೆ ಬಾಗಿಲ ಹಿಂದೆ ಅಡಗುತ್ತಿದ್ದ ಹುಡುಗಿ, ಈ ವರ್ಷ ಶಾಲೆಯ ಚರ್ಚಾ ಸಂಘ ಸೇರಿದ್ದಳು. "ಕಾಕಾ, ಸ್ವಲ್ಪ ತಡೀರಿ. ಒಬ್ಬೊಬ್ಬರನ್ನ ಕೇಳ್ತೀನಿ" ಎಂದಳು. ಗದ್ದಲ ನಿಂತಿತು. ಸೀಟಿನಿಂದ ಸೀಟಿಗೆ ಕೇಳುತ್ತ ಹೋದವಳು, ಹಿಂದಿನ ಮೂಲೆಯ ಮುದುಕಿಯಿಂದ ಉತ್ತರ ಬರದಿದ್ದಾಗ ಮಂಡಿಯೂರಿ ಕಿವಿಯ ಬಳಿ ಜೋರಾಗಿ ಹೇಳಿದಳು: "ಆಯೀ, ನಮ್ಮಕ್ಕ ಬ್ಯಾನಿ ತಿನ್ನಾಕತ್ತಾಳ. ದವಾಖಾನಿಗೆ ಹೋಗೂಣೇನ್ರಿ?"

"ಅಯ್ಯ, ನನಗ ಕಿವಿ ಕೇಳೂದಿಲ್ಲವ್ವಾ. ಯಾರೂ ಹೇಳಲೇ ಇಲ್ಲ! ಹೂಂ, ನಡೀರಿ!"

ಬಸ್ಸು ಹೊರಟಿತು.

ಹೆರಿಗೆ ಕೋಣೆಯಿಂದ ಕೂಸಿನ ಅಳು ಕೇಳಿದಾಗ ನೀಲಾಂಬಿಕಾ ಅವ್ವನ ಮಡಿಲಲ್ಲಿ ಕುಸಿದಳು. "ಭಾಳ ಹೆದರಿದ್ದೆ ಯವ್ವಾ."

"ಒಬ್ಬರಿಗೂ ಗೊತ್ತಾಗಲಿಲ್ಲ ನೋಡು" ಎಂದು ಕಸ್ತೂರೆವ್ವ ಕಣ್ಣೊರೆಸಿಕೊಳ್ಳುತ್ತ ನಕ್ಕಳು.